ತಪ್ಪು ಹಿಡಿಯುವ ಕೆಲಸಕ್ಕೆ ಗೋಗಿಯಿಂದ

"ಕಾಕಾ, ಗೇಮ್ ಆಡಿದ್ರ ಪಗಾರ ಕೊಡ್ತಾರಂತಲ್ಲ, ಖರೇ ಏನು?"

ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಚಂದಾ ಹುಸೇನಿ ದರ್ಗಾದ ಹೊರಗೆ ಬೇವಿನ ನೆರಳಿನ ಕಟ್ಟೆಯ ಮೇಲೆ ಕೂತಿದ್ದ ಹುಡುಗನೊಬ್ಬ ಕೇಳಿದ ಪ್ರಶ್ನೆ ಇದು. ಶಹಾಪುರದ ಕಾಲೇಜಿನಲ್ಲಿ ಬಿ.ಕಾಂ. ಕೊನೆಯ ವರ್ಷ. ಮನೆಯಲ್ಲಿ ಎರಡೆಕರೆ ಹತ್ತಿ, ತೊಗರಿ. ಅಣ್ಣ ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸಕ್ಕಿದ್ದಾನೆ. ಹುಡುಗನ ಕೈಯಲ್ಲಿ ಗಾಜು ಸೀಳಿದ ಮೊಬೈಲ್. 'ಗೇಮ್ ಟೆಸ್ಟರ್' ಎಂಬ ಹೆಸರನ್ನು ಅವನು ಯಾವುದೋ ವಿಡಿಯೊದಲ್ಲಿ ಕೇಳಿದ್ದ. ಡಿಗ್ರಿ ಬೇಡ, ಕೋಡಿಂಗ್ ಬೇಡ, ಆಟ ಆಡಲು ಬಂದರೆ ಸಾಕು, ಒಮ್ಮೆ ಒಳಗೆ ಹೊಕ್ಕರೆ ಮುಂದೆ ನೀವೇ ಗೇಮ್ ಮಾಡುವವರಾಗುತ್ತೀರಿ ಎಂದು ಆ ವಿಡಿಯೊ ಹೇಳಿತ್ತಂತೆ.

"ಅರ್ಧ ಖರೇ ಅದ" ಎಂದೆ. ಉಳಿದ ಅರ್ಧವನ್ನು ಅಲ್ಲಿ ನಿಂತು ಹೇಳಿ ಮುಗಿಸಲು ಆಗಲಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ, ಅವನಿಗಾಗಿ ಮತ್ತು ಅವನಂಥವರ ಅಪ್ಪ ಅವ್ವಂದಿರಿಗಾಗಿ.

ಗೋಗಿ ಸಣ್ಣ ಊರಾದರೂ ಅದರ ಚರಿತ್ರೆ ಸಣ್ಣದಲ್ಲ. ವಿಜಯಪುರದ ಆದಿಲ್‌ಶಾಹಿ ಮನೆತನವನ್ನು ಕಟ್ಟಿದ ಯೂಸುಫ್ ಆದಿಲ್ ಶಾ 1510ರಲ್ಲಿ ತೀರಿಕೊಂಡ ಮೇಲೆ ಅವನನ್ನು ಮಣ್ಣು ಮಾಡಿದ್ದು ಇಲ್ಲಿಯೇ, ಈ ದರ್ಗಾದ ಮಗ್ಗುಲಲ್ಲಿ. ಅವನ ನಂತರದ ಕೆಲವು ಸುಲ್ತಾನರ ಗೋರಿಗಳೂ ಇಲ್ಲಿವೆ. ನಮ್ಮ ಕಾಲದಲ್ಲಿ ಊರಿನ ಹೆಸರು ಪತ್ರಿಕೆಗಳಲ್ಲಿ ಬಂದದ್ದು ಯುರೇನಿಯಂ ಕಾರಣಕ್ಕೆ. ನೆಲ ಕೊರೆದು ಪರೀಕ್ಷೆ ಮಾಡಿದರು, ನಮ್ಮ ಬಾವಿಯ ನೀರಿನ ಗತಿ ಏನು ಎಂದು ಊರಿನವರು ಎದ್ದು ನಿಂತು ಕೇಳಿದರು. ಪರೀಕ್ಷೆ ಎಂಬುದು ಯಾರಿಗಾಗಿ ನಡೆಯುತ್ತದೆ, ಅದರ ಫಲ ಯಾರ ಕೈ ಸೇರುತ್ತದೆ ಎಂಬ ಪ್ರಶ್ನೆ ಗೋಗಿಗೆ ಹೊಸದಲ್ಲ. ಗೇಮ್ ಟೆಸ್ಟಿಂಗ್ ಬಗ್ಗೆ ನಾನು ಕೇಳಬೇಕೆಂದಿರುವುದೂ ಅದೇ ಪ್ರಶ್ನೆಯನ್ನು.

2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 51.83. ರಾಜ್ಯದ್ದು ಶೇ. 75.36. ಆಗಿದ್ದ ಮೂವತ್ತು ಜಿಲ್ಲೆಗಳಲ್ಲಿ ಕೊನೆಯ ಸ್ಥಾನ ನಮ್ಮದೇ. ಇಂಥ ಜಿಲ್ಲೆಯಲ್ಲಿ ಡಿಗ್ರಿ ಮುಗಿಸಿದ ಹುಡುಗನ ಮುಂದೆ ಎರಡು ದಾರಿಗಳು ಎದ್ದು ಕಾಣುತ್ತವೆ. ಒಂದು, ಸಂವಿಧಾನದ 371(ಜೆ) ವಿಧಿಯ ಮೀಸಲಾತಿಯ ಬಲದಿಂದ ಪೊಲೀಸ್, ಪಿಡಿಒ, ಎಫ್‌ಡಿಎ ಪರೀಕ್ಷೆಗಳಿಗೆ ಮೂರು ನಾಲ್ಕು ವರ್ಷ ಕೂತು ಓದುವುದು. ಇನ್ನೊಂದು, ಗುಳೆ. ಗಂಟುಮೂಟೆ ಕಟ್ಟಿ ಬೆಂಗಳೂರಿಗೋ ಪುಣೆಗೋ ಹೋಗಿ, ಕಟ್ಟಡ ಎದ್ದ ಮೇಲೆ ಅದರಲ್ಲಿ ಬೇರೆಯವರು ವಾಸಕ್ಕೆ ಬರುವ ಹೊತ್ತಿಗೆ ಊರಿಗೆ ಮರಳುವುದು. ಮೂರನೆಯ ದಾರಿಯೊಂದು ಇದೆ ಎಂದು ಯಾರಾದರೂ ಹೇಳಿದರೆ ಹುಡುಗರ ಕಣ್ಣು ಅರಳುವುದು ಸಹಜ. ಅದು ನಿಜವಾಗಿ ಮೂರನೆಯದೋ, ಎರಡನೆಯದಕ್ಕೇ ಹೊಸ ಹೆಸರೋ ಎಂದು ನೋಡಿಕೊಳ್ಳುವ ಹೊಣೆ ದೊಡ್ಡವರದು.

ಮೊದಲು ಒಂದು ಗೊಂದಲ ಬಿಡಿಸಬೇಕು. ಹುಡುಗನ ಅಪ್ಪ 'ಗೇಮ್' ಎಂಬ ಮಾತು ಕೇಳಿದರೆ ಸಾಕು, ಜೂಜಿನ ದಂಧೆ ಎನ್ನುತ್ತಾರಂತೆ. ಅವರನ್ನು ದೂರುವಂತಿಲ್ಲ. ಹಣ ಕಟ್ಟಿ ಆಡುವ ಆ್ಯಪ್‌ಗಳಿಂದ ಮುಳುಗಿದ ಮನೆಗಳು ನಮ್ಮ ಸುತ್ತಲೂ ಇವೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣದ ಆಟಗಳನ್ನು ನಿಷೇಧಿಸಿತು. ಆದರೆ ಅದೇ ಕಾಯ್ದೆ ಇ-ಸ್ಪೋರ್ಟ್ಸ್ ಮತ್ತು ಹಣ ಕಟ್ಟದ ಆಟಗಳನ್ನು ಬೇರೆಯಾಗಿಟ್ಟು ಅವನ್ನು ಬೆಳೆಸಬೇಕೆಂದೂ ಹೇಳುತ್ತದೆ. ನಾನು ಮಾತಾಡುತ್ತಿರುವುದು ಈ ಎರಡನೆಯ ಬಗೆಯದರ ಬಗ್ಗೆ: ಸಿನಿಮಾದ ಹಾಗೆ ಕಥೆ, ಚಿತ್ರ, ಸಂಗೀತ, ಗಣಿತ ಸೇರಿ ಆಗುವ ಆಟಗಳು.

ಈ ಉದ್ಯಮ ಕರ್ನಾಟಕದಲ್ಲಿ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಶುರು ಮಾಡಿದರು. ದೇಶದ ಮೊದಲ ಗೇಮ್ ಕಂಪನಿಗಳಲ್ಲಿ ಅದು ಒಂದು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಗೇಮ್ಸ್ ಕೊಂಡು, ಬೆಂಗಳೂರಿನಲ್ಲಿ ಆಗಲೇ ಇದ್ದ ತನ್ನ ಶಾಖೆಗೆ ಸೇರಿಸಿಕೊಂಡಿತು. ಹೊರದೇಶದ ಕಂಪನಿಗಳ ಆಟಗಳನ್ನು ಗುತ್ತಿಗೆ ಹಿಡಿದು ಪರೀಕ್ಷಿಸಿ ಕೊಡುವ ಸಂಸ್ಥೆಗಳೂ ಅಲ್ಲಿವೆ. ಜಪಾನ್ ಮೂಲದ ಪೋಲ್ ಟು ವಿನ್ ಅಂಥದ್ದು. ಪುಣೆಯಲ್ಲಿ ಯುಬಿಸಾಫ್ಟ್, ಹೈದರಾಬಾದಿನಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಇವೆ. ಯಾದಗಿರಿಯ ಹುಡುಗನಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಬಾಗಿಲುಗಳು ಇರುವುದು ನಿಜ.

ಆದರೆ ಒಳಗೆ ಹೋದವರು ಅಲ್ಲಿ ಆಟ ಆಡುವುದಿಲ್ಲ. ವಿಡಿಯೊ ಮುಚ್ಚಿಟ್ಟ ಅರ್ಧ ಇದೇ.

ಆಡುವವನಿಗೆ ಗೆಲುವು ಬೇಕು. ಟೆಸ್ಟರ್‌ಗೆ ಆಟ ಎಲ್ಲಿ ಮುರಿಯುತ್ತದೆ ಎಂದು ಗೊತ್ತಾಗಬೇಕು. ಒಂದು ಕೋಟೆಯ ದೃಶ್ಯ ಕೊಟ್ಟರೆ ಅವನು ಶತ್ರುವಿನ ಹಿಂದೆ ಓಡುವುದಿಲ್ಲ. ಗೋಡೆಯ ಉದ್ದಕ್ಕೂ ಒಂದೊಂದು ಗೇಣಿಗೆ ಮೈ ಒತ್ತಿ ನಡೆಯುತ್ತಾನೆ. ಎಲ್ಲಾದರೂ ಗೋಡೆಯೊಳಗೆ ಕಾಲು ಸಿಕ್ಕಿಕೊಳ್ಳುತ್ತದೆಯೋ, ನೆಲ ಬಾಯಿಬಿಟ್ಟು ಆಟಗಾರ ಪಾತಾಳಕ್ಕೆ ಬೀಳುತ್ತಾನೋ ಎಂದು ನೋಡುತ್ತಾನೆ. ಒಂದೇ ಬಾಗಿಲನ್ನು ಓಡುತ್ತ, ಕೂತು, ಹಾರುತ್ತ, ಬಂದೂಕು ತುಂಬುತ್ತ ತೆರೆಯುತ್ತಾನೆ. ತಪ್ಪು ಸಿಕ್ಕರೆ ಬರೆದು ಕಳಿಸುತ್ತಾನೆ. ಪ್ರೋಗ್ರಾಮರ್ ಅದನ್ನು ಸರಿಪಡಿಸಿ ಹೊಸ ಬಿಲ್ಡ್, ಅಂದರೆ ಆಟದ ಹೊಸ ಆವೃತ್ತಿ, ಕೊಡುತ್ತಾನೆ. ಆಗ ಅದೇ ಗೋಡೆ, ಅದೇ ಬಾಗಿಲು ಮತ್ತೆ ಮೊದಲಿನಿಂದ, ಯಾಕೆಂದರೆ ಒಂದು ಕಡೆಯ ಹೊಲಿಗೆ ಇನ್ನೊಂದು ಕಡೆ ಎಳೆದು ಹರಿದಿರಬಹುದು. ಹೀಗೆ ಮತ್ತೆ ಪರೀಕ್ಷಿಸುವುದನ್ನು ರಿಗ್ರೆಷನ್ ಟೆಸ್ಟಿಂಗ್ ಎನ್ನುತ್ತಾರೆ. ಆರು ತಿಂಗಳು ಒಂದೇ ಆಟದ ಒಂದೇ ಭಾಗವನ್ನು ನೋಡುವುದು ಈ ಕೆಲಸದಲ್ಲಿ ಸಾಮಾನ್ಯ. ಆಟದ ಹುಚ್ಚಿನಿಂದ ಸೇರಿದವರ ಹುಚ್ಚು ಮೊದಲ ತಿಂಗಳಲ್ಲೇ ಇಳಿಯುತ್ತದೆ. ಆಮೇಲೂ ಉಳಿಯುವವರು ಯಾರೆಂದರೆ, ತಪ್ಪು ಕಂಡಾಗ ಅದರ ಬೇರು ಎಲ್ಲಿದೆ ಎಂದು ಹುಡುಕದೆ ನಿದ್ದೆ ಬಾರದವರು.

ಕಂಡದ್ದನ್ನು ಬರೆಯುವುದು ಕಾಣುವುದಕ್ಕಿಂತ ಕಷ್ಟ. 'ಆಟ ಹ್ಯಾಂಗ್ ಆಗುತ್ತದೆ' ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. ಯಾವ ಬಿಲ್ಡ್, ಯಾವ ಫೋನ್, ಮೊದಲು ಏನು ಒತ್ತಿದೆ, ಆಮೇಲೆ ಏನು, ಏನಾಗಬೇಕಿತ್ತು, ಏನಾಯಿತು, ಹತ್ತು ಸಲ ಮಾಡಿದರೆ ಎಷ್ಟು ಸಲ ಆಗುತ್ತದೆ? ಓದಿದವನು ಏಳು ಸಮುದ್ರದಾಚೆ ಕೂತು ಅದೇ ಹೆಜ್ಜೆಗಳನ್ನಿಟ್ಟರೆ ಅದೇ ತಪ್ಪು ಅವನ ಕಣ್ಣ ಮುಂದೆ ಬರಬೇಕು. ಒಳ್ಳೆಯ ಬಗ್ ವರದಿ ಎಂದರೆ ಕೋರ್ಟಿನ ಸಾಕ್ಷಿ ಇದ್ದ ಹಾಗೆ: ಕಂಡದ್ದು ಮಾತ್ರ, ಕಂಡ ಅನುಕ್ರಮದಲ್ಲಿ, ಊಹೆ ಸೇರಿಸದೆ. ಇದೊಂದು ಬರವಣಿಗೆಯ ಕಸುಬು. ನಮ್ಮ ಕಾಲೇಜುಗಳಲ್ಲಿ ಪ್ರಬಂಧ ಬರೆಸುತ್ತೇವೆ, ಗೈಡ್ ನೋಡಿ ಉತ್ತರ ಬರೆಸುತ್ತೇವೆ; ಕಣ್ಣಾರೆ ಕಂಡ ಒಂದು ಘಟನೆಯನ್ನು ಹತ್ತು ಸಾಲಿನಲ್ಲಿ ತಪ್ಪಿಲ್ಲದೆ ಬರೆಸಿದ್ದು ನಾನಂತೂ ಕಂಡಿಲ್ಲ.

ಈಗ ಏಣಿಯ ಮಾತಿಗೆ ಬರುತ್ತೇನೆ. ಟೆಸ್ಟರ್ ಆಗಿ ಸೇರಿ ದೊಡ್ಡವರಾದವರು ಇದ್ದಾರೆಯೆ ಎಂದರೆ, ಇದ್ದಾರೆ. 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಆಟದ ಮುಖ್ಯ ವಿನ್ಯಾಸಕರಲ್ಲಿ ಒಬ್ಬರಾದ ರಾಬ್ ಪಾರ್ಡೊ, ಆಬ್ಸಿಡಿಯನ್ ಎಂಬ ಗೇಮ್ ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಫರ್ಗಸ್ ಅರ್ಕಾರ್ಟ್ ಇಬ್ಬರೂ 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಇಂಟರ್‌ಪ್ಲೇ ಕಂಪನಿಯಲ್ಲಿ ಟೆಸ್ಟರ್ ಆಗಿದ್ದವರು. 2005ರಲ್ಲಿ ಬಂದ 'ಗಾಡ್ ಆಫ್ ವಾರ್' ಆಟದ ನಿರ್ದೇಶಕ ಡೇವಿಡ್ ಜಾಫಿ ಕೂಡ ಸೋನಿಯಲ್ಲಿ ಟೆಸ್ಟರ್ ಆಗಿಯೇ ಶುರು ಮಾಡಿದರು. ಈ ಹೆಸರುಗಳನ್ನು ಹೇಳುವವರು ಒಂದು ಮಾತು ಬಿಟ್ಟುಬಿಡುತ್ತಾರೆ. ಆಗ ಕಂಪನಿಗಳು ಚಿಕ್ಕವು. ಟೆಸ್ಟರ್ ಕೂತ ಕಡೆಯಿಂದ ನಾಲ್ಕು ಹೆಜ್ಜೆಯಲ್ಲಿ ಡಿಸೈನರ್ ಕೂತಿರುತ್ತಿದ್ದ. ಚಹಾ ಕುಡಿಯುವಾಗ ಮಾತು, ಮಾತಿನಲ್ಲಿ ಒಂದು ಸಲಹೆ, ಸಲಹೆ ಹಿಡಿಸಿದರೆ ಒಂದು ಸಣ್ಣ ಕೆಲಸ, ಹೀಗೆ ಮೇಲೇರಿದರು. ಏಣಿಗೆ ಒರಗಲು ಗೋಡೆ ಬೇಕು. ಅವರಿಗೆ ಆ ಗೋಡೆ ಮಗ್ಗುಲಲ್ಲೇ ಇತ್ತು.

ಇವತ್ತು ಬೆಂಗಳೂರಿನ ಗುತ್ತಿಗೆ ಟೆಸ್ಟಿಂಗ್ ಸಂಸ್ಥೆಯಲ್ಲಿ ಕೂತ ಹುಡುಗನಿಗೆ ಆಟ ಮಾಡಿದವರ ಮುಖವೇ ಗೊತ್ತಿರುವುದಿಲ್ಲ. ಅವರು ಕೆನಡಾದಲ್ಲೋ ಜಪಾನಿನಲ್ಲೋ ಇರುತ್ತಾರೆ. ಅವನ ವರದಿ ಒಂದು ಪಟ್ಟಿಗೆ ಸೇರುತ್ತದೆ, ಅದರ ಮೇಲೆ ಅವನ ಹೆಸರಿನ ಬದಲು ಸಂಸ್ಥೆಯ ಹೆಸರಿರಬಹುದು. ಎಷ್ಟೋ ಸಲ ಯಾವ ಆಟವನ್ನು ಪರೀಕ್ಷಿಸಿದೆ ಎಂದು ಹೊರಗೆ ಹೇಳದಂತೆ ಸಹಿಯನ್ನೂ ಹಾಕಿಸಿಕೊಂಡಿರುತ್ತಾರೆ. ಆದ್ದರಿಂದ ಸೇರುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ ಪಗಾರದ್ದಲ್ಲ. ಈ ಕಟ್ಟಡದಲ್ಲಿ ಆಟ ಮಾಡುವವರು ಇದ್ದಾರೆಯೆ, ಇಲ್ಲ ಪರೀಕ್ಷಿಸುವವರು ಮಾತ್ರ ಇದ್ದಾರೆಯೆ ಎಂಬುದು. ಕಲೆ, ಕೋಡ್, ಟೆಸ್ಟಿಂಗ್ ಒಂದೇ ಸೂರಿನಡಿ ಇರುವ ಕಡೆ ಏಣಿ ನಿಲ್ಲಲು ಜಾಗವಿದೆ. ಪರೀಕ್ಷಿಸುವವರು ಮಾತ್ರ ಇರುವ ಕಡೆ ಟೆಸ್ಟರ್ ಮುಂದೆ ಸೀನಿಯರ್ ಟೆಸ್ಟರ್ ಆಗುತ್ತಾನೆ, ಆಮೇಲೆ ಟೆಸ್ಟ್ ಲೀಡ್. ಅದೂ ಗೌರವದ ಬದುಕೇ. ಆದರೆ ಅದನ್ನು ಗೇಮ್ ಮಾಡುವ ದಾರಿ ಎಂದು ಹೇಳಿ ಹುಡುಗರನ್ನು ಕರೆಯುವುದು ಸುಳ್ಳು.

ಗುಳೆಯ ಮಾತು ಸುಮ್ಮನೆ ಎತ್ತಲಿಲ್ಲ. ಟೆಸ್ಟರ್‌ಗಳನ್ನು ಹೆಚ್ಚಾಗಿ ಪ್ರಾಜೆಕ್ಟಿನ ಲೆಕ್ಕದಲ್ಲಿ ತೆಗೆದುಕೊಳ್ಳುತ್ತಾರೆ. ಆಟ ಬಿಡುಗಡೆಯಾಗುವ ಮುನ್ನ ಸುಗ್ಗಿ: ರಾತ್ರಿ ಪಾಳಿ, ಭಾನುವಾರವೂ ಕೆಲಸ. ಬಿಡುಗಡೆಯಾದ ಮೇಲೆ ಕಣ ಬರಿದು. 2021ರ ಡಿಸೆಂಬರ್‌ನಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿರುವ ರೇವನ್ ಸಾಫ್ಟ್‌ವೇರ್‌ನಲ್ಲಿ ಹನ್ನೆರಡು ಟೆಸ್ಟರ್‌ಗಳಿಗೆ ಕೆಲಸ ಮುಗಿಯಿತೆಂದು ಹೇಳಿದರು. ಕಾಲ್ ಆಫ್ ಡ್ಯೂಟಿಯಂಥ ಭಾರಿ ಗಳಿಕೆಯ ಆಟದ ಸರಣಿಯನ್ನು ಪರೀಕ್ಷಿಸುತ್ತಿದ್ದವರು ಅವರು. ಜೊತೆಗಾರರು ಕೆಲಸ ನಿಲ್ಲಿಸಿ ಹೊರಬಂದರು. ಸಂಘ ಕಟ್ಟುವ ಮತದಾನ 2022ರ ಮೇ ತಿಂಗಳಲ್ಲಿ ನಡೆದು 19 ಮತ ಪರವಾಗಿ, 3 ವಿರುದ್ಧವಾಗಿ ಬಿದ್ದವು. ಅದೇ ವರ್ಷ ಏಪ್ರಿಲ್‌ನಲ್ಲಿ ಮಾತೃಸಂಸ್ಥೆ ಆ್ಯಕ್ಟಿವಿಷನ್, ಅಮೆರಿಕದಲ್ಲಿನ ಸುಮಾರು 1,100 ತಾತ್ಕಾಲಿಕ ಟೆಸ್ಟರ್‌ಗಳನ್ನು ಕಾಯಂ ಮಾಡುವುದಾಗಿ ಪ್ರಕಟಿಸಿತ್ತು. ಆರು ತಿಂಗಳೊಳಗೆ ಇಷ್ಟಾಯಿತು. ಆ ಕಂಪನಿಗೆ ಅಷ್ಟು ಜನರನ್ನು ಕಾಯಂ ಮಾಡುವ ಶಕ್ತಿ ಮೊದಲಿನಿಂದಲೂ ಇತ್ತು ಎಂಬುದು ಇದರಿಂದ ಗೊತ್ತಾಗುತ್ತದೆ.

ನಮ್ಮಲ್ಲಿ? ಐಟಿ ವಲಯಕ್ಕೆ 1946ರ ಔದ್ಯೋಗಿಕ ಉದ್ಯೋಗ (ಸ್ಥಾಯಿ ಆದೇಶಗಳು) ಕಾಯ್ದೆಯಿಂದ ಕರ್ನಾಟಕ ಸರ್ಕಾರ ವಿನಾಯಿತಿ ಕೊಡುತ್ತ ಬಂತು. 2024ರ ಜೂನ್‌ನಲ್ಲಿ ಅದನ್ನು ಮತ್ತೆ ಐದು ವರ್ಷಕ್ಕೆ ವಿಸ್ತರಿಸಿತು. ಈ ವಿನಾಯಿತಿಯ ಪಟ್ಟಿಯಲ್ಲಿ ಆ್ಯನಿಮೇಷನ್, ಗೇಮಿಂಗ್ ಎಂದು ಹೆಸರು ಹಿಡಿದೇ ಬರೆದಿತ್ತು. ಕೆಲಸದ ಹೊತ್ತು, ರಜೆ, ಕೆಲಸದಿಂದ ತೆಗೆಯುವ ಕ್ರಮ ಇವನ್ನು ಬರೆದಿಟ್ಟು ಕಾರ್ಮಿಕ ಇಲಾಖೆಯ ಒಪ್ಪಿಗೆ ಪಡೆಯಬೇಕೆನ್ನುತ್ತಿದ್ದ, 2025ರವರೆಗೆ ಜಾರಿಯಲ್ಲಿದ್ದ ಕಾಯ್ದೆ ಅದು. ವಿನಾಯಿತಿಗೆ ಬದಲಾಗಿ ಕಂಪನಿಯೊಳಗೆ ಕುಂದುಕೊರತೆ ಸಮಿತಿ ಇರಬೇಕೆಂಬ ಷರತ್ತಿತ್ತು. ಕೋಟಿಗಟ್ಟಲೆ ಸಂಬಳದ ಎಂಜಿನಿಯರ್‌ಗೆ ಈ ಕಾಯ್ದೆ ಇಲ್ಲದೆಯೂ ನಡೆದೀತು. ಅವನಿಗೆ ಬೇರೆ ಕಂಪನಿ ಕಾದಿರುತ್ತದೆ. ಗೋಗಿಯಿಂದ ಬಂದು ಮಡಿವಾಳದ ಪಿ.ಜಿ.ಯಲ್ಲಿ ನಾಲ್ವರ ಕೋಣೆಯಲ್ಲಿರುವ ಟೆಸ್ಟರ್‌ಗೆ ನಡೆಯದು. ಅವನನ್ನೂ ಎಂಜಿನಿಯರನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಬೆಂಗಳೂರಿನಲ್ಲಿ ಐಟಿ ನೌಕರರ ಸಂಘ ಕಿಟು 2017ರಿಂದ ಇದೆ. ಹೋಗುವ ಹುಡುಗರು ಪಿ.ಜಿ.ಯ ವಿಳಾಸದ ಜೊತೆ ಆ ಸಂಘದ ವಿಳಾಸವನ್ನೂ ಬರೆದಿಟ್ಟುಕೊಳ್ಳಲಿ.

ಇನ್ನೊಂದು ಅನ್ಯಾಯ ಕಣ್ಣಿಗೆ ಬೀಳುವುದಿಲ್ಲ. ತಪ್ಪು ಹಿಡಿಯುವುದು ಟೆಸ್ಟರ್‌ನ ಕೆಲಸ. ಅದನ್ನು ಸರಿಪಡಿಸುವುದೋ ಹಾಗೇ ಬಿಡುವುದೋ ಎಂದು ತೀರ್ಮಾನಿಸುವವರು ಬೇರೆ. ದಿನಾಂಕ ಹತ್ತಿರ ಬಂದಾಗ ನೂರಾರು ವರದಿಗಳನ್ನು 'ಗೊತ್ತಿದೆ, ಈಗ ಬೇಡ' ಎಂದು ಬದಿಗಿಡುತ್ತಾರೆ. 2020ರ ಡಿಸೆಂಬರ್‌ನಲ್ಲಿ ಪೋಲೆಂಡಿನ ಸಿಡಿ ಪ್ರಾಜೆಕ್ಟ್ ಕಂಪನಿಯ 'ಸೈಬರ್‌ಪಂಕ್ 2077' ಬಿಡುಗಡೆಯಾದಾಗ ಹಳೆಯ ಪ್ಲೇಸ್ಟೇಷನ್‌ಗಳಲ್ಲಿ ಎಷ್ಟು ಕೆಟ್ಟಿತ್ತೆಂದರೆ, ಸೋನಿ ಒಂದೇ ವಾರದಲ್ಲಿ ಅದನ್ನು ತನ್ನ ಅಂಗಡಿಯಿಂದ ತೆಗೆದು ದುಡ್ಡು ಮರಳಿಸಿತು. ಮುಂದಿನ ತಿಂಗಳು ಕಂಪನಿಯ ಸ್ಥಾಪಕರೊಬ್ಬರು ವಿಡಿಯೊದಲ್ಲಿ ಕ್ಷಮೆ ಕೇಳಿ ಹೊಣೆ ಹೊತ್ತರು. ಅದೇ ವಿಡಿಯೊದಲ್ಲಿ, ಆಟಗಾರರು ಕಂಡ ತೊಂದರೆಗಳಲ್ಲಿ ದೊಡ್ಡ ಪಾಲು ನಮ್ಮ ಪರೀಕ್ಷೆಯಲ್ಲಿ ಕಂಡಿರಲಿಲ್ಲ ಎಂಬ ಅರ್ಥದ ಮಾತನ್ನೂ ಹೇಳಿದರು. ಒಳಗಿನವರಿಗೆ ತೊಂದರೆ ಗೊತ್ತಿತ್ತೆಂದು ಪತ್ರಕರ್ತರು ಆಮೇಲೆ ವರದಿ ಮಾಡಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಹುಡುಗ ಈ ಕೆಲಸಕ್ಕೆ ಹೋಗುವುದಾದರೆ ಇದಕ್ಕೂ ಸಿದ್ಧನಿರಬೇಕು: ನೀನು ಹಿಡಿದ ತಪ್ಪು ಆಟದಲ್ಲಿ ಉಳಿದೇ ಬಿಡುಗಡೆಯಾಗಬಹುದು, ಊರಿನ ಗೆಳೆಯ ಅದನ್ನೇ ತೋರಿಸಿ 'ಯಾರು ಟೆಸ್ಟ್ ಮಾಡಿದ್ರಲೇ ಇದನ್ನ' ಎಂದು ಕೇಳಬಹುದು.

ಇಷ್ಟೆಲ್ಲ ಹೇಳಿದ ಮೇಲೂ ನಾನು ಅವನಿಗೆ ಹೋಗಬೇಡ ಎನ್ನುವುದಿಲ್ಲ. ಅವನ ಬಳಿ ಏನಿದೆ ಎಂಬುದು ಅವನಿಗೇ ಗೊತ್ತಿಲ್ಲವಾದ್ದರಿಂದ, ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಮೊಬೈಲ್ ಆಟಗಳನ್ನು ಪರೀಕ್ಷಿಸುವಾಗ 'ಇಂಟರಪ್ಟ್ ಟೆಸ್ಟಿಂಗ್' ಎಂಬುದೊಂದಿದೆ. ಆಟದ ನಡುವೆ ಕರೆ ಬಂದರೆ? ಬ್ಯಾಟರಿ ಶೇ. 5ಕ್ಕೆ ಇಳಿದರೆ? ಚಾರ್ಜರ್ ಕಿತ್ತರೆ? ಸಿಗ್ನಲ್ ಹೋಗಿ ಮತ್ತೆ ಬಂದರೆ? ಮೆಮೊರಿ ತುಂಬಿದ್ದರೆ? ಬೆಂಗಳೂರಿನ ಲ್ಯಾಬಿನಲ್ಲಿ ಈ ಪರಿಸ್ಥಿತಿಗಳನ್ನು ಬೇಕೆಂದೇ ಹುಟ್ಟಿಸಬೇಕು. ಗೋಗಿಯ ಹುಡುಗ ದಿನವೂ ಇವುಗಳ ನಡುವೆಯೇ ಆಡುತ್ತಾನೆ. ಅಣ್ಣ ಬಳಸಿ ಬಿಟ್ಟ ಫೋನು, 3 ಜಿಬಿ ರ‍್ಯಾಮ್, ಅರ್ಧ ಆಟದಲ್ಲಿ ಕರೆಂಟ್ ಹೋಗುತ್ತದೆ, ಬಸ್ಸಿನಲ್ಲಿ ಶಹಾಪುರದ ಕಡೆ ಹೊರಟರೆ ದಾರಿಯಲ್ಲಿ ನೆಟ್‌ವರ್ಕ್ ಮಾಯ, ಗೆಲುವು ಹತ್ತಿರ ಬಂದಾಗಲೇ ಅವ್ವನ ಫೋನು. ಯಾವ ಆಟ ಇದನ್ನೆಲ್ಲ ತಡೆದುಕೊಳ್ಳುತ್ತದೆ, ಯಾವುದು ಎಲ್ಲಿ ಬೀಳುತ್ತದೆ ಎಂಬುದು ಅವನಿಗೆ ಬಾಯಿಪಾಠ. ಭಾರತದಲ್ಲಿ ಆಟ ಆಡುವವರಲ್ಲಿ ಬಹಳ ಮಂದಿ ಇಂಥ ಫೋನುಗಳಲ್ಲೇ ಆಡುವವರು. ಈ ತಿಳಿವಳಿಕೆಗೆ ಬೆಲೆಯಿದೆ. ಅವನು ಅದನ್ನು ಬರೆದಿಟ್ಟಿಲ್ಲ, ಅಷ್ಟೇ.

ಹೆಣ್ಣುಮಕ್ಕಳ ಮಾತು ಇಲ್ಲೇ ಹೇಳಿಬಿಡುತ್ತೇನೆ. ಅವತ್ತು ಕಟ್ಟೆಯ ಮೇಲೆ ಇದ್ದವರೆಲ್ಲ ಗಂಡುಹುಡುಗರು. ಅಕ್ಕಿ ಆರಿಸುವಾಗ ಹರಳು, ಹೊಟ್ಟು, ಒಡಕು ನುಚ್ಚನ್ನು ಒಂದೇ ನೋಟಕ್ಕೆ ಬೇರೆ ಮಾಡುವ ಕಣ್ಣು, ಕೌದಿಯ ಹೊಲಿಗೆಯಲ್ಲಿ ಒಂದು ಎಳೆ ತಪ್ಪಿದರೆ ಬಿಚ್ಚಿ ಮತ್ತೆ ಹೊಲಿಯುವ ತಾಳ್ಮೆ ಇರುವ ಅವರ ಅಕ್ಕತಂಗಿಯರ ಕೈಗೆ ಆ ಫೋನು ಹತ್ತು ನಿಮಿಷವೂ ಸಿಗುವುದಿಲ್ಲ. ಟೆಸ್ಟರ್‌ಗೆ ಬೇಕಾದ ಗುಣಗಳು ಹೆಚ್ಚು ಇರುವುದು ಅವರಲ್ಲೇ ಎಂದು ನನಗೆ ಅನಿಸುತ್ತದೆ.

ಇನ್ನೊಂದು ಆಸ್ತಿ ಕನ್ನಡ. ಇಂಗ್ಲಿಷ್ ಅಕ್ಷರಗಳು ಒಂದರ ಪಕ್ಕ ಒಂದು ಕೂರುತ್ತವೆ. ನಮ್ಮವು ಹಾಗಲ್ಲ, ಕಾಗುಣಿತದಲ್ಲಿ ಬೆಸೆದುಕೊಳ್ಳುತ್ತವೆ. 'ಗೋಗಿ' ಎಂಬ ಎರಡೇ ಅಕ್ಷರದ ಹೆಸರನ್ನೇ ನೋಡಿ. ಮೊದಲನೆಯದಕ್ಕೆ ಓತ್ವದ ದೀರ್ಘ, ಎರಡನೆಯದಕ್ಕೆ ಗುಡಿಸು. ಜೋಡಣೆ ಗೊತ್ತಿಲ್ಲದ ತಂತ್ರಾಂಶ ಇದನ್ನು ತೆರೆಯ ಮೇಲೆ ಬರೆದರೆ 'ಗ'ದ ತಲೆಕಟ್ಟು ಹಾಗೇ ಉಳಿದು, ಗುಡಿಸು ತಬ್ಬಲಿಯಂತೆ ಮಗ್ಗುಲಲ್ಲಿ ಬೀಳುತ್ತದೆ. ಒತ್ತಕ್ಷರ ಬಂದರೆ ಇನ್ನೂ ಕೆಡುತ್ತದೆ. 'ಕರ್ನಾಟಕ' ಹೋಗಿ 'ಕರ್‌ನಾಟಕ' ಆಗುತ್ತದೆ. ಬಹಳ ಆಟಗಳನ್ನು ಕಟ್ಟುವ ಯೂನಿಟಿ ಎಂಜಿನ್‌ನಲ್ಲಿ ಹೆಚ್ಚಾಗಿ ಬಳಸುತ್ತ ಬಂದ ಟೆಕ್ಸ್ಟ್‌ಮೆಶ್ ಪ್ರೊ ಎಂಬ ಅಕ್ಷರ ವ್ಯವಸ್ಥೆ ಭಾರತೀಯ ಲಿಪಿಗಳ ಈ ಬೆಸುಗೆಯನ್ನು ತಾನಾಗಿ ಮಾಡುವುದಿಲ್ಲ. 2023ರಲ್ಲಿ ಬಂದ ಗೊಡಾಟ್ 4 ಎಂಬ ಉಚಿತ ಎಂಜಿನ್ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶದ ನೆರವಿನಿಂದ ಅದನ್ನು ಮಾಡುತ್ತದೆ.

ಲಿಪಿ ಸರಿಯಾಗಿ ಮೂಡಿದ ಮಾತ್ರಕ್ಕೆ ಕೆಲಸ ಮುಗಿಯದು. ಬಹಳ ಆಟಗಳಲ್ಲಿ ಬರುವ ಒಂದು ಪದ 'ರ‍್ಯಾಂಕ್'. ಅದನ್ನು ಹೀಗೆ ಬರೆಯಲು ಯೂನಿಕೋಡ್‌ನಲ್ಲಿ ಕಣ್ಣಿಗೆ ಕಾಣದ ಒಂದು ಜೋಡಕ ಚಿಹ್ನೆಯನ್ನು ನಡುವೆ ಇಡಬೇಕು. ಇಡದಿದ್ದರೆ 'ರ್ಯಾಂಕ್' ಎಂದು ಅರ್ಕಾವೊತ್ತಾಗಿ, 'ಕಾರ್ಯ'ದಲ್ಲಿನ 'ರ್ಯ'ದ ಹಾಗೆ ಮೂಡುತ್ತದೆ. ಅನುವಾದ ಮಾಡುವ ಯಂತ್ರಕ್ಕೆ ಈ ವ್ಯತ್ಯಾಸ ಕಾಣದಿರಬಹುದು. ಕನ್ನಡ ಓದುವ ಕಣ್ಣಿಗೆ ಕೂಡಲೇ ಕಾಣುತ್ತದೆ. ಇನ್ನು ಇಂಗ್ಲಿಷಿನ ನಾಲ್ಕು ಅಕ್ಷರದ ಗುಂಡಿಯಲ್ಲಿ ನಮ್ಮ ಹನ್ನೊಂದು ಅಕ್ಷರದ ಪದ ಹಿಡಿಸುವುದಿಲ್ಲ. 'ಗೆದ್ದನು' ಎಂದು ಬರೆದರೆ ಆಡುತ್ತಿರುವ ಹುಡುಗಿಗೆ ಅದು ತನ್ನ ಮಾತಲ್ಲ. ಮುದುಕ ಸೇನಾಪತಿಯನ್ನು ಸೈನಿಕ 'ನೀನು' ಎಂದು ಕರೆದರೆ ಕಥೆಯೇ ಕೆಟ್ಟಿತು. ಈ ಎಲ್ಲವನ್ನೂ ಹಿಡಿಯುವುದಕ್ಕೆ ಲೋಕಲೈಸೇಷನ್ ಟೆಸ್ಟಿಂಗ್ ಎಂಬ ಬೇರೆ ವಿಭಾಗವೇ ಇದೆ. ಜಪಾನಿ, ಜರ್ಮನ್, ಫ್ರೆಂಚ್‌ಗೆ ಅದು ನಿತ್ಯದ ಕೆಲಸ. ಕನ್ನಡದಲ್ಲಿ ದೊಡ್ಡ ಆಟಗಳು ಬರುವುದೇ ಅಪರೂಪವಾದ್ದರಿಂದ ಕನ್ನಡಕ್ಕೆ ಆ ಕೆಲಸ ಇನ್ನೂ ಹುಟ್ಟಬೇಕಷ್ಟೆ. ಹುಟ್ಟಿಸುವ ಶಕ್ತಿ ಸರ್ಕಾರಕ್ಕಿದೆ.

ದೇಶದಲ್ಲಿ ಮೊಟ್ಟಮೊದಲು, 2012ರಲ್ಲೇ, ಆ್ಯನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕಾಗಿ ನೀತಿ ತಂದದ್ದು ಕರ್ನಾಟಕ. ಆಮೇಲೆ 2017ರಿಂದ 22ರವರೆಗಿನದು ಬಂತು, ಈಗ 2024ರಿಂದ 29ರವರೆಗಿನದು ಇದೆ. ಇಷ್ಟು ಕಾಲದ ಫಲವಾಗಿ ಬೆಂಗಳೂರಿನಲ್ಲಿ ಉತ್ಕೃಷ್ಟತಾ ಕೇಂದ್ರವಿದೆ, ವರ್ಷ ವರ್ಷ ಸಮ್ಮೇಳನ ನಡೆಯುತ್ತದೆ. ಯಾದಗಿರಿಗೆ ಬಂದದ್ದೇನು ಎಂದು ಕೇಳಿದರೆ ತೋರಿಸಲು ನನ್ನ ಕಣ್ಣಿಗೆ ಏನೂ ಬೀಳಲಿಲ್ಲ. ನಾನು ಕೇಳುವುದು ದೊಡ್ಡ ಕಟ್ಟಡವನ್ನಲ್ಲ. ಸರ್ಕಾರದ ಸಹಾಯಧನ ಪಡೆಯುವ ಪ್ರತಿ ಆಟವೂ ಕನ್ನಡದಲ್ಲಿ ಇರಬೇಕು, ಆ ಕನ್ನಡವನ್ನು ಕನ್ನಡದ ಟೆಸ್ಟರ್‌ಗಳು ಪಗಾರ ಪಡೆದು ಪರೀಕ್ಷಿಸಿರಬೇಕು ಎಂಬ ಒಂದು ಷರತ್ತು ಸಾಕು. ಶಹಾಪುರದ ಅಥವಾ ಸುರಪುರದ ಒಂದು ಕಾಲೇಜಿನ ಕೋಣೆಯಲ್ಲಿ ಹತ್ತು ಬಗೆಯ ಅಗ್ಗದ ಫೋನು, ಗಟ್ಟಿ ಇಂಟರ್‌ನೆಟ್ ಇದ್ದರೆ ಆ ಕೆಲಸ ಇಲ್ಲಿಂದಲೇ ಆಗುತ್ತದೆ. ಸುರಪುರದ ಚಿತ್ರಕಾರರು ಒಂದು ಕಾಲಕ್ಕೆ ಕೂದಲೆಳೆಯ ಕುಂಚ ಹಿಡಿದು ಅಂಗೈಯಗಲದ ಚಿತ್ರದಲ್ಲಿ ಇಡೀ ದರ್ಬಾರು ಬರೆದವರು. ಸಣ್ಣದನ್ನು ನೋಡುವ ಅಭ್ಯಾಸ ಈ ನೆಲದಲ್ಲಿದೆ.

ಸರ್ಕಾರ ಬರುವವರೆಗೆ ಹುಡುಗ ಕಾಯಬೇಕಿಲ್ಲ. ಗೊಡಾಟ್ ಮುಕ್ತ ತಂತ್ರಾಂಶ. ಅದರ ತಪ್ಪುಗಳ ಪಟ್ಟಿ ಎಲ್ಲರಿಗೂ ತೆರೆದಿದೆ, ಯಾರು ಬೇಕಾದರೂ ವರದಿ ಸೇರಿಸಬಹುದು. ಕನ್ನಡ ಲಿಪಿ ಎಲ್ಲಿ ತಪ್ಪಿ ಮೂಡುತ್ತದೆ ಎಂದು ಚಿತ್ರ ಸಮೇತ ಬರೆದು ಹಾಕಿದರೆ ಅದು ಅವನ ಹೆಸರಿನಲ್ಲಿ ಉಳಿಯುತ್ತದೆ. ಕಂಪನಿಯ ಗುಟ್ಟಿನ ಪಟ್ಟಿಯಲ್ಲಿ ಮಾಡಿದ ನೂರು ವರದಿಗಿಂತ ಇಂಥ ಹತ್ತು ವರದಿ ಮುಂದಿನ ಕೆಲಸಕ್ಕೆ ಹೆಚ್ಚಿನ ಆಧಾರ. ಅದಕ್ಕೆ ಇಂಗ್ಲಿಷ್ ಬೇಕು, ನಿಜ. ಆದರೆ ಬೇಕಾದದ್ದು ಭಾಷಣದ ಇಂಗ್ಲಿಷ್ ಅಲ್ಲ. ಮುನ್ನೂರು ಪದಗಳ, ಚಿಕ್ಕ ವಾಕ್ಯಗಳ, ಒತ್ತಿದೆ-ತೆರೆಯಿತು-ನಿಂತಿತು ಎಂಬ ಇಂಗ್ಲಿಷ್. ಆರು ತಿಂಗಳ ಸಾಧನೆಗೆ ಅದು ದಕ್ಕುತ್ತದೆ. ಜೊತೆಗೆ ಒಂದು ಎರಡನೆಯ ಕಸುಬು, ಪೈಥಾನ್ ಆಗಲಿ, ಚಿತ್ರ ಆಗಲಿ, ಶಬ್ದ ಆಗಲಿ. ಒಂದೇ ಪರೀಕ್ಷೆಯನ್ನು ಸಾವಿರ ಸಲ ಮಾಡುವ ಕೆಲಸ ಯಂತ್ರದ ಪಾಲಾಗುತ್ತಿದೆ. ಆ ಯಂತ್ರಕ್ಕೆ ಪರೀಕ್ಷೆ ಬರೆದುಕೊಡುವವನು ಉಳಿಯುತ್ತಾನೆ.

ಅವತ್ತು ಏಳುವ ಮುನ್ನ ಹುಡುಗನಿಗೆ ಒಂದು ಕೆಲಸ ಕೊಟ್ಟೆ. "ನೀ ಆಡೋ ಆಟದಾಗ ಏನರೆ ತಪ್ಪು ಕಂಡೀಯೇನು? ಬರದು ಕಳಸು." ಮರುದಿನ ವಾಟ್ಸ್‌ಆ್ಯಪ್‌ನಲ್ಲಿ ಬಂತು: 'ಫೋನ್ ಬಂದ್ರ ಗೇಮ್ ಸೌಂಡ್ ಹೋಗ್ತದ ಕಾಕಾ.' ನಾನು ಒಂದೇ ಮಾತು ಕೇಳಿದೆ, "ಯಾವಾಗ?" ಮತ್ತೆ ನಾಲ್ಕು ದಿನ ಸದ್ದಿಲ್ಲ. ಐದನೆಯ ದಿನ ರಾತ್ರಿ ಬಂದ ಸಂದೇಶ ಉದ್ದವಾಗಿತ್ತು. ಅವನ ಒಪ್ಪಿಗೆಯಿಂದ ಇಲ್ಲಿ ಕೊಡುತ್ತಿದ್ದೇನೆ:

'ಫೋನ್: 3 ಜಿಬಿ ರ‍್ಯಾಮ್. ಬ್ಯಾಟರಿ ಶೇ. 40ಕ್ಕಿಂತ ಮ್ಯಾಲ. 1) ಆಟ ಚಾಲೂ ಮಾಡ್ದೆ. 2) ಮನಿ ಒಳಗ ಹೊಕ್ಕೆ, ಹೆಜ್ಜಿ ಸಪ್ಪಳ ಕೇಳ್ತದ. 3) ತಂಗಿ ಕಡೆಯಿಂದ ಕಾಲ್ ಮಾಡಿಸ್ದೆ. 4) ಮ್ಯಾಲಿನ ಪಟ್ಟಿಯಿಂದಾನೇ ಕಟ್ ಮಾಡ್ದೆ. 5) ಆಟಕ್ಕ ವಾಪಸ್ ಬಂದೆ. ಆಗಬೇಕಾದ್ದು: ಸಪ್ಪಳ ಕೇಳಬೇಕು. ಆಗಿದ್ದು: ಬಂದೂಕಿನ ಸಪ್ಪಳ ಕೇಳ್ತದ, ಹೆಜ್ಜಿದು ಕೇಳಂಗಿಲ್ಲ. ಕಾಲ್ ಪೂರ್ತಿ ಪರದೆ ಮ್ಯಾಲ ಬಂದಾಗ ಕಟ್ ಮಾಡಿದ್ರ ಈ ತ್ರಾಸ ಇಲ್ಲ. 10 ಸಲ ಮಾಡ್ದೆ, 8 ಸಲ ಆತು. ಉಳಿದ 2 ಸಲ ಯಾಕ ಆಗ್ಲಿಲ್ಲ ಅಂತ ನೋಡಲಕತ್ತೀನಿ. ಕೊನಿ ಎರಡು ಪರೀಕ್ಷಾ ತಂಗೀನೇ ಮಾಡ್ಯಾಳ.'